ತಿಪ್ಪೆ ಗೊಬ್ಬರಕ್ಕೆ ಎರಡು ದರ



ಈ ಸಲ ಬೆಳೆ ವಿಷಯ ಅಲ್ಲ, ತಿಪ್ಪೆ ವಿಷಯ. ಯುಗಾದಿ ಮುಗಿದು ಗೊಬ್ಬರ ಹೇರೋ ಕಾಲ ಬಂದೈತೆ. ಮಲಪನಗುಡಿ, ಅನಂತಶಯನಗುಡಿ, ಕಮಲಾಪುರ, ಯಾವ ಕಡೆ ಹೋದ್ರೂ ತಿಪ್ಪೆ ಮುಂದೆ ಟ್ರ್ಯಾಕ್ಟರ್ ನಿಂತಿರ್ತದೆ. ಒಂದು ಟ್ರ್ಯಾಲಿ ಎಷ್ಟಕ್ಕೆ ಅಂತ ಎಲ್ಲರೂ ಕೇಳ್ತಾರೆ. ಆ ಟ್ರ್ಯಾಲಿಯಲ್ಲಿ ಗೊಬ್ಬರ ಎಷ್ಟು, ಗೊಬ್ಬರ ಅಲ್ಲದ್ದು ಎಷ್ಟು ಅಂತ ಕೇಳೋರು ಕಡಿಮೆ. ಅದನ್ನ ಕೇಳಬೇಕು, ಕೇಳಿ ಅದಕ್ಕೆ ತಕ್ಕಂಗೆ ದುಡ್ಡು ಕೊಡಬೇಕು. ಇವತ್ತು ಹೇಳಬೇಕು ಅಂತಿರೋದು ಇಷ್ಟೇ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದ ಬರೀತೀನಿ, ಬಿಡುವು ಮಾಡ್ಕೊಂಡು ಓದ್ರಿ.

ಹೋದ ವರ್ಷ ಬಾಳೆ ಹಾಕೋ ತುಂಡಿಗೆ ಅಂತ ಊರಲ್ಲೇ ಎರಡು ಟ್ರ್ಯಾಲಿ ತಿಪ್ಪೆ ಗೊಬ್ಬರ ತಗೊಂಡೆ. ಗುಣಿಗೆ ಹತ್ತು ಕೆಜಿ ಲೆಕ್ಕ. ಗುಣಿಗೆ ಹಾಕೋಕೆ ಮುಂಚೆ ಇಬ್ಬರು ಆಳು ಹಚ್ಚಿ ಆರಿಸಿಸಿದೆ. ಸಂಜೆ ಹೊತ್ತಿಗೆ ಎರಡು ಸಿಮೆಂಟ್ ಚೀಲ ತುಂಬಿದ್ವು. ಏನೇನಿತ್ತು ಅಂದ್ರೆ, ತೆಳು ಪ್ಲಾಸ್ಟಿಕ್ ಚೀಲ, ಶಾಂಪೂ ಚೀಟಿ, ಗುಟ್ಕಾ ಚೀಟಿ, ಚಿಪ್ಸ್ ಪಾಕೀಟು, ಹಾಲಿನ ಪಾಕೀಟಿನ ಕತ್ತರಿಸಿದ ಮೂಲೆ, ಗುಳಿಗೆ ತಗಡು, ಹರಿದ ನೈಲಾನ್ ಸೀರೆ, ಮಕ್ಕಳ ಡೈಪರ್, ಟಾರ್ಚಿನ ಸೆಲ್ಲು, ಟ್ಯೂಬ್‌ಲೈಟಿನ ಚೂರು, ಒಂದು ಇಂಜೆಕ್ಷನ್ ಸೂಜಿ. ಒಬ್ಬ ಹೆಣ್ಣಾಳಿನ ಬೆರಳಿಗೆ ಗಾಜು ಚುಚ್ಚಿ ರಕ್ತ ಬಂತು. ದವಾಖಾನೆಗೆ ಕರ್ಕೊಂಡು ಹೋಗಿ ಟಿಟಿ ಹಾಕಿಸ್ಕೊಂಡು ಬಂದ್ವಿ. ಅವತ್ತು ಆರಿಸೋ ಕೂಲಿಯೇ ಒಂದು ಟ್ರ್ಯಾಲಿ ಗೊಬ್ಬರದ ರೇಟಿನ ಹತ್ತಿರಕ್ಕೆ ಬಂತು. ಕೂಲಿ ಹೋಗ್ಲಿ ಬಿಡ್ರಿ, ಆಕೆ ಕೈ ದುಡಿಯೋ ಕೈ.

ಗಮನಿಸಬೇಕಾದ್ದು ಏನಂದ್ರೆ, ಆ ಎರಡು ಚೀಲದಲ್ಲಿ ಒಂದು ಕಬ್ಬಿಣದ ಮೊಳೆ ಇರ್ಲಿಲ್ಲ. ಒಂದು ಇಡೀ ನೀರಿನ ಬಾಟಲಿ ಇರ್ಲಿಲ್ಲ. ಹಿತ್ತಾಳೆ, ಅಲ್ಯೂಮಿನಿಯಂ, ರಟ್ಟು, ಯಾವುದೂ ಇರ್ಲಿಲ್ಲ. ಯಾಕಂದ್ರೆ ಅವನ್ನ ಗುಜರಿಯವನು ಮನೆ ಬಾಗಿಲಿಗೆ ಬಂದು ತೂಕ ಹಾಕಿ ದುಡ್ಡು ಕೊಟ್ಟು ಒಯ್ತಾನೆ. ಹಾಲಿನ ಪಾಕೀಟು ಕೂಡ ತಗೊಳ್ತಾನೆ, ಅದರ ಮೂಲೆ ತುಂಡಿಗೆ ದುಡ್ಡಿಲ್ಲ, ಅದು ತಿಪ್ಪೆಗೆ ಬೀಳ್ತದೆ. ಶಾಂಪೂ ಚೀಟಿ, ಗುಟ್ಕಾ ಚೀಟಿ, ಚಿಪ್ಸ್ ಪಾಕೀಟು, ಇವು ಒಂದೇ ಪದರ ಅಲ್ಲ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಲೇಪ ಎಲ್ಲ ಅಂಟಿಸಿ ಮಾಡಿದ ಹಾಳೆ. ಬಿಡಿಸೋಕಾಗಲ್ಲ, ಕರಗಿಸಿ ಮತ್ತೊಂದು ಮಾಡೋದು ಕಷ್ಟ, ಹಂಗಾಗಿ ಗುಜರಿಯವನು ಮುಟ್ಟಲ್ಲ. ಬೆಲೆ ಇದ್ದದ್ದು ತಿಪ್ಪೆಗೆ ಬೀಳಲ್ಲ, ಬೆಲೆ ಇಲ್ಲದ್ದು ಬೀಳ್ತದೆ. ಈ ಮಾತು ನೆನಪಿಟ್ಕೊಳ್ರಿ, ಆಮೇಲೆ ಬೇಕಾಗ್ತದೆ.

ನಮ್ಮ ಚಿಕ್ಕಂದಿನ ತಿಪ್ಪೆ ಹೆಂಗಿತ್ತು ಅಂತ ಐವತ್ತು ದಾಟಿದೋರಿಗೆ ಗೊತ್ತು. ಸಗಣಿ, ಗಂಜಳ ಬಿದ್ದ ಮಣ್ಣು, ದನ ತಿಂದು ಬಿಟ್ಟ ದಂಟು, ಒಲೆ ಬೂದಿ, ಕಾಯಿಪಲ್ಲೆ ಸಿಪ್ಪೆ, ಬಾಳೆ ಎಲೆ, ಮುತ್ತುಗದ ಎಲೆ, ತೆಂಗಿನ ನಾರು, ಹರಿದ ಹತ್ತಿ ಬಟ್ಟೆ. ಮನೆ ಕಸ ಅಂದ್ರೆ ಎಲ್ಲವೂ ಕೊಳೆಯೋದೇ. ಹಂಗಾಗಿ ಬೇರೆ ಮಾಡೋ ಪ್ರಶ್ನೆಯೇ ಇರ್ಲಿಲ್ಲ. ಕಸ ಗುಡಿಸಿ ಒಂದೇ ಪುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿಯೋದು ಅವತ್ತಿಗೆ ಸರಿಯಾದ ಪದ್ಧತಿ. ಪುಟ್ಟಿ ಇವತ್ತೂ ಅದೇ, ಸುರಿಯೋ ಕೈಯೂ ಅದೇ, ಒಳಗಿನ ಕಸ ಮಾತ್ರ ಬೇರೆ ಆಗೈತೆ.

ಇದು ಹಳ್ಳಿ ಕಥೆ ಮಾತ್ರ ಅಲ್ಲ. ಪಟ್ಟಣದ ಕಸವನ್ನೂ ರೈತರು ದುಡ್ಡು ಕೊಟ್ಟು ಒಯ್ಯೋ ಕಾಲ ಇತ್ತು. ಊರ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಪದರ ಹಾಕಿ ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡೋ ವಿಧಾನಕ್ಕೆ ಇವತ್ತಿಗೂ ಜಗತ್ತಿನಲ್ಲೆಲ್ಲ 'ಬೆಂಗಳೂರು ಪದ್ಧತಿ' ಅಂತಲೇ ಹೆಸರು. ಆಚಾರ್ಯ ಅನ್ನೋ ವಿಜ್ಞಾನಿ 1939ರಲ್ಲಿ ಬೆಂಗಳೂರಲ್ಲಿ ರೂಪಿಸಿದ್ದು. ಹುಬ್ಬಳ್ಳಿ-ಧಾರವಾಡದಲ್ಲಿ ಊರ ಕಸದ ಗುಂಡಿಗಳನ್ನ ಸುತ್ತಮುತ್ತಲ ಹಳ್ಳಿ ರೈತರು ಹರಾಜಿನಲ್ಲಿ ಕೂಗಿ ತಗೊಳ್ತಿದ್ರು. ನೋಡ್ರಿ, ಕಸಕ್ಕೆ ಹರಾಜು! 90ರ ದಶಕದ ಹೊತ್ತಿಗೆ ಆ ಗುಂಡಿಗಳಲ್ಲಿ ಪ್ಲಾಸ್ಟಿಕ್ಕು, ಗಾಜು, ದವಾಖಾನೆ ಕಸ ಹೆಚ್ಚಾಯ್ತು. ಆರಿಸೋ ಕೂಲಿ ಗೊಬ್ಬರದ ಲಾಭಾನ ನುಂಗಿತು. ರೈತರು ಹಿಂದೆ ಸರಿದ್ರು, ಹರಾಜು ನಿಂತ್ಹೋಯ್ತು. ನೂರಾರು ಬಂಡಿ ಗೊಬ್ಬರ ಆಗಬೇಕಾದ್ದು ಬೆಟ್ಟದಂಗೆ ಬಿದ್ದಿರೋ ಕಸ ಆಯ್ತು.

ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರಿಗೆ ಹೋಗಿದ್ದು ನಿಮಗೆಲ್ಲ ಪೇಪರಿನಲ್ಲಿ ಓದಿದ ನೆನಪಿರಬೇಕು. ಹಸಿ ಕಸ ಒಣ ಕಸ ಒಟ್ಟಿಗೆ ಕೊಳೆತು ಕಪ್ಪು ನೀರು ಇಳಿದು, ಬಾವಿ ಬೋರು ಕೆಟ್ವು ಅಂತ ಊರಿನೋರು ಎದ್ದು ನಿಂತ್ರು. 2012ರಲ್ಲಿ ಮಾವಳ್ಳಿಪುರ, 2014ರ ಕೊನೆಗೆ ಮಂಡೂರು, ಎರಡೂ ಕಡೆ ಲಾರಿ ನಿಂತ್ವು. ಮನೆಯಲ್ಲೇ ಬೇರೆ ಮಾಡಿ ಕೊಡ್ರಿ ಅನ್ನೋ ಆದೇಶ ಬೆಂಗಳೂರಲ್ಲಿ ಬಂದಿದ್ದೂ 2012ರಲ್ಲೇ. ಅಂದ್ರೆ ಅಷ್ಟು ದೊಡ್ಡ ಊರಿಗೂ ಕೊನೆಗೆ ಸಿಕ್ಕ ಉತ್ತರ ಅಡುಗೆ ಮನೆಯ ಎರಡು ಬಕೆಟ್ಟು. ಒಮ್ಮೆ ಕೂಡಿದ ಮೇಲೆ ಬಿಡಿಸೋ ಯಂತ್ರ ಎಷ್ಟೇ ದೊಡ್ಡದಿರಲಿ, ಗಾಜಿನ ಪುಡಿ, ಪ್ಲಾಸ್ಟಿಕ್ಕಿನ ಚೂರು ಗೊಬ್ಬರದಲ್ಲಿ ಉಳಿದೇ ಉಳೀತದೆ.

ಪ್ಲಾಸ್ಟಿಕ್ಕು ಮಣ್ಣಲ್ಲಿದ್ರೆ ಏನಾಗ್ತದೆ, ಅದೇನು ವಿಷ ಅಲ್ವಲ್ಲ ಅಂತ ಕೇಳೋರಿದ್ದಾರೆ. ನಮ್ಮ ಗದ್ದೆ ಕಪ್ಪು ಮಣ್ಣು, ಕಾಲುವೆ ನೀರು, ಮೊದಲೇ ನೀರು ಬಸಿಯೋದು ನಿಧಾನ. ಅದರೊಳಗೆ ಒಂದು ತೆಳು ಚೀಲ ಮಡಚಿ ಕೂತ್ರೆ ಅಷ್ಟಗಲಕ್ಕೆ ನೀರು ಇಳಿಯಲ್ಲ, ಗಾಳಿ ಆಡಲ್ಲ, ಬೇರು ಅದನ್ನ ಮುಟ್ಟಿ ಪಕ್ಕಕ್ಕೆ ತಿರುಗ್ತದೆ. ಬಾಳೆ ಬೇರು ಮೊದಲೇ ಮೇಲ್ಮಟ್ಟದ್ದು. ಇನ್ನು ಬಿಸಿಲಿಗೆ ಬಿದ್ದ ಚೀಲ ಪುಡಿಯಾಗ್ತದೆ, ಅದನ್ನ ನೋಡಿ ಕರಗಿತು ಅಂದ್ಕೋಬೇಡ್ರಿ. ಸಗಣಿ ಕೊಳೆಯೋದು ಅಂದ್ರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನ ತಿಂದು ಬೇರೆ ರೂಪಕ್ಕೆ ತರೋದು. ಪ್ಲಾಸ್ಟಿಕ್ಕು ಪುಡಿ ಆಗೋದು ಅಂದ್ರೆ ಒಂದು ಚೀಲ ಸಾವಿರ ಚೂರಾಗೋದು, ಅಷ್ಟೇ. ದೊಡ್ಡದಿದ್ದಾಗ ಆರಿಸಬಹುದಿತ್ತು, ಚೂರಾದ ಮೇಲೆ ಅದೂ ಆಗಲ್ಲ. ರೋಟಾವೇಟರ್ ಹೊಡೆದ್ರಂತೂ ಒಂದೇ ದಿನದಲ್ಲಿ ಆ ಕೆಲಸ ಮುಗೀತದೆ.

ಮೇಲೆ ಹೇಳಿದ ಸೆಲ್ಲು, ಟ್ಯೂಬ್‌ಲೈಟು ಬೇರೆ ಜಾತಿ. ಟ್ಯೂಬ್‌ಲೈಟಲ್ಲಿ ಪಾದರಸ ಇರ್ತದೆ. ಕೆಲವು ಸೆಲ್ಲು, ಬ್ಯಾಟರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಇರ್ತವೆ. ಅವು ನಿಜವಾಗ್ಲೂ ವಿಷ, ಮಣ್ಣಿಗೆ ಸೇರಿದ್ರೆ ವಾಪಸ್ ತೆಗೆಯೋಕಾಗಲ್ಲ.

ದನದ ಮಾತು ಹೇಳದಿದ್ರೆ ಬರಹ ಪೂರ್ತಿ ಆಗಲ್ಲ. ತಿಪ್ಪೆಯಲ್ಲಿ ಅನ್ನ ತುಂಬಿ ಗಂಟು ಹಾಕಿದ ಚೀಲ ಬಿದ್ದಿದ್ರೆ ದನ ಗಂಟು ಬಿಚ್ಚಿ ತಿನ್ನಲ್ಲ, ಚೀಲ ಸಮೇತ ನುಂಗ್ತದೆ. ಅದು ಮೊದಲ ಹೊಟ್ಟೆಯಲ್ಲೇ ಕೂರ್ತದೆ, ಮುಂದಕ್ಕೆ ಹೋಗಲ್ಲ. ದಿನಾ ಒಂದೊಂದು ಸೇರಿ ಹಗ್ಗದಂಗೆ ಹೆಣಕೊಳ್ತದೆ. ಹೊಟ್ಟೆ ತುಂಬಿದಂಗೆ ಕಾಣ್ತದೆ, ಮೇವು ಬಿಡ್ತದೆ, ಮೆಲುಕು ಕಡಿಮೆ ಆಗ್ತದೆ, ಹಾಲು ಇಳೀತದೆ, ಬೆನ್ನೆಲುಬು ಏಳ್ತದೆ. ಕಂಪ್ಲಿ ಕಡೆ ನಮ್ಮ ಸಂಬಂಧಿಕರ ಒಂದು ಹಸುವಿಗೆ ಹಿಂಗೇ ಆಗಿ ಡಾಕ್ಟರು ಎಡಗಡೆ ಹೊಟ್ಟೆ ಕೊಯ್ದು ತೆಗೆದ್ರು. ಹಸು ಉಳೀತು. ಎಲ್ಲ ಹಸುವೂ ಉಳಿಯಲ್ಲ.

ಈಗ ಎರಡು ದರದ ವಿಷಯಕ್ಕೆ ಬರ್ತೀನಿ.

ನಾನು ಗೊಬ್ಬರ ತಗೊಂಡಿದ್ದು ನಮ್ಮ ಓಣಿಯ ದೊಡ್ಡಮ್ಮನ ಹತ್ರ. ಎರಡು ಎಮ್ಮೆ, ಹೊಲ ಇಲ್ಲ. ಹಾಲಿನ ದುಡ್ಡು ದಿನದ ಖರ್ಚಿಗೆ, ತಿಪ್ಪೆ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಕೈಗೆ ಬರೋ ಗಂಟು. ನಾವು ರೈತರು ತಿಪ್ಪೆ ಗೊಬ್ಬರ ಅಂದ್ರೆ ಮಣ್ಣಿಗೆ ಎಷ್ಟು ಸಾರಜನಕ ಅಂತ ಲೆಕ್ಕ ಹಾಕ್ತೀವಿ. ಆಕೆಗೆ ಅದು ಮೊಮ್ಮಗಳ ಕಾಲೇಜ್ ಫೀಜು. ಆ ಎರಡು ಚೀಲ ತಗೊಂಡು ಹೋಗಿ ಆಕೆ ಮುಂದೆ ಇಟ್ಟೆ.

"ಏನು ತಮ್ಮಾ, ನಂದೇ ಕಸ ನಂಗೇ ವಾಪಸ್ ತಂದೀಯಾ?" ಅಂತ ನಕ್ಕಳು.

"ಇದಕ್ಕೂ ಗೊಬ್ಬರದ ರೇಟೇ ಕೊಟ್ಟೀನಿ ದೊಡ್ಡಮ್ಮ" ಅಂದೆ.

"ನಾನೇನ್ ಮಾಡ್ಲಿ ಹೇಳು. ಉಪ್ಪಿಂದ ಹಿಡಿದು ಎಲ್ಲಾ ಹಾಳ್ಯಾಗ ಕೊಡ್ತಾರ ಅಂಗಡ್ಯಾಗ. ನಾನೇನು ಅದನ್ನ ತಿಂದ್ ಬಿಡ್ಲಾ? ಒಂದು ವೇಳೆ ಆರಿಸಿ ಇಟ್ಟೆ ಅನ್ನು, ನೀನೇನು ನಾಕು ಕಾಸು ಜಾಸ್ತಿ ಕೊಡ್ತೀಯಾ? ಆ ಕಡೆ ತಿಪ್ಪೀಗೂ ಅದೇ ರೇಟು, ನಂಗೂ ಅದೇ ರೇಟು."

ಆಕೆ ಮಾತು ಲೆಕ್ಕಕ್ಕೆ ಸರಿ ಇತ್ತು. ಗುಜರಿಯವನು ದುಡ್ಡು ಕೊಡ್ತಾನೆ ಅಂತ ತಾನೇ ಬಾಟಲಿ ತಿಪ್ಪೆಗೆ ಬೀಳಲ್ಲ! ಚೊಕ್ಕ ಗೊಬ್ಬರಕ್ಕೂ ಕಲಬೆರಕೆ ಗೊಬ್ಬರಕ್ಕೂ ಒಂದೇ ದರ ಅಂದ್ರೆ ಯಾರು ಆರಿಸ್ತಾರೆ? ಭತ್ತದಲ್ಲಿ ಜೊಳ್ಳು ಇದ್ರೆ ವ್ಯಾಪಾರಿ ರೇಟು ಇಳಿಸ್ತಾನೆ, ಬಾಳೆ ಗೊನೆಯಲ್ಲಿ ಕಲೆ ಇದ್ರೆ ಇಳಿಸ್ತಾನೆ. ನಾವು ಗೊಬ್ಬರ ಕೊಳ್ಳುವಾಗ ಮಾತ್ರ ಕಣ್ಣು ಮುಚ್ಚಿ ಟ್ರ್ಯಾಲಿ ಲೆಕ್ಕ. ಸಂಡೂರು ಕಡೆ ರೈತರು ಕುರಿ ಮಂದೆ ನಿಲ್ಲಿಸೋಕೆ ಖುಷಿಯಿಂದ ದುಡ್ಡು ಕೊಡ್ತಾರೆ, ಯಾಕಂದ್ರೆ ಹಿಕ್ಕೆಯಲ್ಲಿ ಶಾಂಪೂ ಚೀಟಿ ಇರಲ್ಲ.

ಅವತ್ತೇ ಮಾತಾಯ್ತು. ಬರೋ ವರ್ಷ ಪ್ಲಾಸ್ಟಿಕ್ಕು, ಗಾಜು ಇಲ್ಲದ ಗೊಬ್ಬರ ಕೊಟ್ರೆ ಟ್ರ್ಯಾಲಿಗೆ 200 ರೂಪಾಯಿ ಹೆಚ್ಚು. ಸುರಿದು ನೋಡಿದಾಗ ಕಲಬೆರಕೆ ಇದ್ರೆ ಹಳೇ ದರದಲ್ಲೂ ಆರಿಸೋ ಕೂಲಿ ಮುರೀತೀನಿ. ನನ್ನ ಪಕ್ಕದ ತೋಟದ ಇಬ್ಬರು ಇದೇ ಮಾತು ತಮ್ಮ ತಮ್ಮ ತಿಪ್ಪೆಯವರ ಹತ್ರ ಆಡಿದ್ರು. ಇನ್ನೂರು ರೂಪಾಯಿ ನನಗೆ ನಷ್ಟ ಅಲ್ಲ, ಆರಿಸೋ ಕೂಲಿಯಲ್ಲಿ ಅದಕ್ಕಿಂತ ಹೆಚ್ಚು ಉಳೀತದೆ.

ಈ ವರ್ಷ ಅದೇ ದೊಡ್ಡಮ್ಮನ ಎರಡು ಟ್ರ್ಯಾಲಿ ಬಂದ್ವು. ಆರಿಸಿದ್ರೆ ಒಂದು ಪುಟ್ಟಿಯೂ ತುಂಬಲಿಲ್ಲ. ಗಾಜು, ಸೂಜಿ ಒಂದೂ ಇರ್ಲಿಲ್ಲ. ಇದ್ದದ್ದು ಗಾಳಿಗೆ ಹಾರಿ ಬಂದ ಚೀಟಿಗಳು, ಹಾಲಿನ ಪಾಕೀಟಿನ ಮೂಲೆಗಳು. ಆಕೆ ಏನ್ ಮಾಡಿದ್ಳು ಅಂದ್ರೆ, ದನದ ಮನೆ ಗೋಡೆಗೆ ಮೊಳೆ ಹೊಡೆದು ಒಂದು ಗೊಬ್ಬರದ ಚೀಲ ತೂಗು ಹಾಕಿದ್ಳು. ಕೊಳೆಯದ್ದೆಲ್ಲ ಅದಕ್ಕೆ. ಸೊಸೆಗೂ ಮೊಮ್ಮಗಳಿಗೂ ಹೇಳಿಟ್ಟಳು. ಅಷ್ಟೇ, ಬೇರೆ ಯಾವ ಯೋಜನೆಯೂ ಇಲ್ಲ.

ಎಲ್ಲ ಕಡೆ ಹಿಂಗೇ ಆಯ್ತು ಅಂತ ಹೇಳಲ್ಲ. ಇನ್ನೊಂದು ಮನೆಯವರು "ಇನ್ನೂರು ರೂಪಾಯಿಗೆ ವರ್ಷಪೂರ್ತಿ ಯಾರು ಆರಿಸ್ತಾರೆ" ಅಂದ್ರು, ಹಳೇ ದರಕ್ಕೆ ಬೇರೆಯವರಿಗೆ ಮಾರಿದ್ರು. ಕೊಳ್ಳೋರು ಇರೋ ತನಕ ಅವರಿಗೆ ಚಿಂತೆ ಇಲ್ಲ. ಹಂಗಾಗೇ ಈ ಮಾತನ್ನ ನಾಲ್ಕು ಜನ ಹೇಳಿದ್ರೆ ಸಾಲಲ್ಲ, ನಾಲ್ಕೂರು ಹೇಳಬೇಕು.

ಇನ್ನು ಮನೆಯಲ್ಲಿ ಹೆಂಗೆ ಬೇರೆ ಮಾಡೋದು ಅಂತ ಕೇಳಿದೋರಿಗೆ, ನಮ್ಮ ಮನೆ ಪದ್ಧತಿ ಬರೀತೀನಿ. ಘನತ್ಯಾಜ್ಯ ನಿರ್ವಹಣಾ ನಿಯಮ 2016ರಲ್ಲೂ ಮೂರು ಪಾಲು ಅಂತಲೇ ಇತ್ತು.

1. ಹಳೇ ಬಕೆಟ್ಟು, ಕೊಳೆಯೋದಕ್ಕೆ. ಸಿಪ್ಪೆ, ಉಳಿದ ಅನ್ನ, ಚಹಾ ಪುಡಿ, ಮೊಟ್ಟೆ ಸಿಪ್ಪೆ, ಹೂವು, ಒಣಗಿದ ಎಲೆ, ಹತ್ತಿ ಬಟ್ಟೆ, ಕಟ್ಟಿಗೆ ಬೂದಿ. ದನ ತಿನ್ನೋದು ಮೊದಲು ದನಕ್ಕೆ, ಮಿಕ್ಕದ್ದು ತಿಪ್ಪೆಗೆ. ತೆಂಗಿನ ಚಿಪ್ಪು ನಿಧಾನ, ಅದು ಒಲೆಗೆ.

2. ತೂಗು ಹಾಕಿದ ಚೀಲ, ಕೊಳೆಯದ್ದಕ್ಕೆ. ಪಾಕೀಟು, ಚೀಟಿ, ಡಬ್ಬಿ, ಚಪ್ಪಲಿ, ನೈಲಾನ್ ಬಟ್ಟೆ. ಎಣ್ಣೆ, ಹಾಲಿನ ಪಾಕೀಟು ತೊಳೆದು ಹಾಕ್ರಿ, ಇಲ್ಲಾಂದ್ರೆ ಇರುವೆ, ಇಲಿ ಬರ್ತವೆ. ಪಾಕೀಟು ಕತ್ತರಿಸುವಾಗ ಮೂಲೆ ಪೂರ್ತಿ ತುಂಡು ಮಾಡ್ದೆ ಸೀಳಿ ಬಿಟ್ರೆ ಆ ಮೂಲೆ ಸಮಸ್ಯೆ ಮುಗೀತು. ಗುಜರಿಗೆ ಹೋಗೋದು ಗುಜರಿಗೆ, ಉಳಿದದ್ದು ಪಂಚಾಯಿತಿ ಕಸದ ಗಾಡಿಗೆ. ಗಾಡಿ ಒಯ್ದದ್ದು ಸ್ವಚ್ಛ ಸಂಕೀರ್ಣಕ್ಕೆ ಹೋಗ್ತದೆ, ಅಲ್ಲಿ ಆರಿಸೋರು ಹೆಚ್ಚಿನ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಕೊಳೆತ ಸಾರು ಮೆತ್ತಿದ ಚೀಲ ಅವರ ಕೈಗೆ ಕೊಡಬಾರದು.

3. ಮುಚ್ಚಳ ಇರೋ ಬಣ್ಣದ ಡಬ್ಬಿ, ಅಪಾಯದ್ದಕ್ಕೆ. ಸೂಜಿ, ಬ್ಲೇಡು, ಸೆಲ್ಲು, ಬಲ್ಬು, ಹಳೇ ಗುಳಿಗೆ. ಇದು ವರ್ಷಕ್ಕೊಂದು ಡಬ್ಬಿಯೂ ತುಂಬಲ್ಲ. ಹೇಳಿ ಬೇರೆಯಾಗಿ ಕೊಡ್ರಿ.

ಡೈಪರ್, ಹೆಣ್ಣುಮಕ್ಕಳ ಪ್ಯಾಡ್ ಬಗ್ಗೆ ಮಾತಾಡೋಕೆ ಗಂಡಸರು ನಾಚಿಕೊಳ್ತೀವಿ, ಆದ್ರೆ ಮಾತಾಡಬೇಕು. ಅವು ಹತ್ತಿ ಥರ ಕಾಣ್ತವೆ, ಒಳಗೆ ಹೆಚ್ಚಿನ ಪಾಲು ಪ್ಲಾಸ್ಟಿಕ್ಕು. ತಿಪ್ಪೆಗೆ, ಕಾಲುವೆಗೆ ಎರಡಕ್ಕೂ ಬೇಡ. ಪೇಪರಲ್ಲಿ ಸುತ್ತಿ ಗುರುತು ಹಾಕಿ ಗಾಡಿಗೆ ಬೇರೆ ಕೊಡೋದೇ ಸರಿ.

ಕೊಳೆಯೋದರ ವೇಷ ಹಾಕಿದ ಕಸ ಇನ್ನೂ ಐತೆ. ಪೇಪರ್ ಚಹಾ ಕಪ್ಪಿನ ಒಳಗೆ ಪ್ಲಾಸ್ಟಿಕ್ ಲೇಪ. ಬೆಳ್ಳಿ ಬಣ್ಣದ ತಟ್ಟೆಯೂ ಹಂಗೇ. ಬೀಡಿ ತುಂಡು ಕೊಳೀತದೆ, ಸಿಗರೇಟಿನ ಫಿಲ್ಟರ್ ಬೇಗ ಕೊಳೆಯಲ್ಲ, ಅದು ಹತ್ತಿ ಅಲ್ಲ. ಎಲ್ಲಕ್ಕಿಂತ ನಗು ಬರೋದು ಬಾಳೆ ಎಲೆ ಚಿತ್ರ ಅಚ್ಚು ಹಾಕಿದ ಪೇಪರ್ ಎಲೆ ನೋಡಿದಾಗ. ಬಾಳೆ ಬೆಳೆಯೋ ಊರಲ್ಲಿ ಮದುವೆ ಊಟಕ್ಕೆ ಅದು! ತೋಟದಲ್ಲಿ ಎಲೆ ಗಾಳಿಗೆ ಹರಿದು ಒಣಗ್ತಿರ್ತದೆ, ಚಪ್ಪರದಲ್ಲಿ ಪ್ಲಾಸ್ಟಿಕ್ ಲೇಪದ ಎಲೆ ಹಾಸಿರ್ತಾರೆ. ಊಟ ಆದ ಮೇಲೆ ನಿಜವಾದ ಎಲೆ ದನಕ್ಕಾಗ್ತದೆ, ಆ ಎಲೆ ಕಾಲುವೆ ಸೇರ್ತದೆ.

ಕಾಲುವೆ ಅಂದ್ರೆ, ನಮ್ಮ ಕಡೆ ಹೊಲಗಳಿಗೆ ಆಧಾರ ವಿಜಯನಗರ ಕಾಲದ ಕಾಲುವೆಗಳು. ರಾಯ ಕಾಲುವೆ, ಬಸವಣ್ಣ ಕಾಲುವೆ ಎರಡೂ ಹೊಸಪೇಟೆ ಊರೊಳಗಿಂದಲೇ ಹಾದು ಬರ್ತವೆ. ನೀರು ನಿಲ್ಲಿಸಿದಾಗ ತಳ ನೋಡಿದ್ರೆ ಯಾರ ಮನೆಯಲ್ಲಿ ಏನು ತಿಂದ್ರು ಅಂತ ಹೇಳಬಹುದು. ತೂಬಿನ ಬಾಯಿಗೆ ಚೀಲ ಸಿಕ್ಕಿಕೊಂಡು ಕೊನೆ ಗದ್ದೆಗೆ ನೀರು ಹತ್ತದೆ ಜಗಳ ಆದದ್ದು ಎಷ್ಟೋ. ಮೇಲಿನೋರನ್ನ ದೂರೋದಕ್ಕೆ ಮುಂಚೆ ನಮ್ಮ ಮನೆ ಕಸ ಕೆಳಗಿನೋರಿಗೆ ಹೋಗ್ತಿಲ್ಲ ಅನ್ನೋದು ಖಾತ್ರಿ ಇರಬೇಕು.

ಸುಟ್ಟು ಬಿಟ್ರೆ ಆಯ್ತಲ್ಲ ಅನ್ನೋರಿಗೆ ಒಂದು ಮಾತು. ತಿಪ್ಪೆ ಬದಿಗೆ ಕಡಿಮೆ ಉರಿಯಲ್ಲಿ ಪ್ಲಾಸ್ಟಿಕ್ ಸುಟ್ರೆ, ಅದರಲ್ಲೂ ಪಿವಿಸಿ ಪೈಪು, ವೈರು ಸೇರಿದ್ರೆ, ಡಯಾಕ್ಸಿನ್ ಅನ್ನೋ ವಿಷ ಹುಟ್ಟತದೆ. ಹೊಗೆ ಮೊದಲು ಹೋಗೋದು ನಮ್ಮದೇ ಮಕ್ಕಳ ಮೂಗಿಗೆ. ಉಳಿದ ಬೂದಿ ಗೊಬ್ಬರಕ್ಕೂ ಆಗಲ್ಲ, ಪಾತ್ರೆ ತಿಕ್ಕೋಕೂ ಆಗಲ್ಲ. ಕಟ್ಟಿಗೆ ಬೂದಿ ಬೇರೆ, ಇದು ಬೇರೆ.

ಮನೆ ಕಸದ ಜೊತೆಗೆ ಹೊಲದ ಕಸವೂ ಲೆಕ್ಕಕ್ಕೆ ಬರಬೇಕು. ಹಳೇ ಡ್ರಿಪ್ ಪೈಪು, ಮಲ್ಚಿಂಗ್ ಹಾಳೆ, ಬಾಳೆಗೆ ಕಟ್ಟೋ ಪ್ಲಾಸ್ಟಿಕ್ ದಾರ, ಔಷಧಿ ಬಾಟಲಿ. ಡ್ರಿಪ್ ಪೈಪಿಗೆ ಗುಜರಿ ಬೆಲೆ ಐತೆ, ಅದು ಹೋಗ್ತದೆ. ಮಲ್ಚಿಂಗ್ ಹಾಳೆ ತೆಳುವಾದಷ್ಟೂ ತೆಗೆಯುವಾಗ ಹರಿದು ಮಣ್ಣಲ್ಲೇ ಉಳೀತದೆ, ಕೊಳ್ಳುವಾಗಲೇ ದಪ್ಪ ನೋಡ್ರಿ. ಔಷಧಿ ಬಾಟಲಿ ಖಾಲಿ ಆದ ಕೂಡಲೇ ಮೂರು ಸಲ ನೀರು ಹಾಕಿ ಕುಲುಕಿ ಆ ನೀರನ್ನ ಪಂಪಿಗೇ ಸುರೀರಿ, ಆಮೇಲೆ ಬಾಟಲಿಗೆ ತೂತು ಹೊಡೀರಿ. ಅದರಲ್ಲಿ ಮನೆಗೆ ಎಣ್ಣೆ, ನೀರು ತುಂಬೋರು ಇನ್ನೂ ಇದ್ದಾರೆ, ತೂತು ಇದ್ರೆ ಆ ಭಯ ಇಲ್ಲ. ಬದುವಿನ ಮೇಲೆ, ಕಾಲುವೆ ದಂಡೆ ಮೇಲೆ ಒಗೀಬೇಡ್ರಿ.

ತೆಳು ಚೀಲ, ಪ್ಲಾಸ್ಟಿಕ್ ಲೋಟ, ತಟ್ಟೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆದ್ವು. ಒಮ್ಮೆ ಬಳಸಿ ಬಿಸಾಡೋ ಹಲವು ಪ್ಲಾಸ್ಟಿಕ್ ಸಾಮಾನು ದೇಶಕ್ಕೆಲ್ಲ 2022ರ ಜುಲೈ 1ರಿಂದ ನಿಷೇಧ. ಆದ್ರೂ ಸಂತೆಯಲ್ಲಿ ಸಿಗ್ತಾವೆ. ನಿಷೇಧ ಪಾಲಿಸೋದು ಸರ್ಕಾರ, ಅಂಗಡಿ ಇಬ್ಬರ ಕೆಲಸ. ಗೊಬ್ಬರ ನೋಡಿ ಕೊಳ್ಳೋದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿ ಐತೆ.

ಹಂಗಾಗಿ ಈ ವರ್ಷ ಟ್ರ್ಯಾಲಿ ತುಂಬಿಸೋಕೆ ಮುಂಚೆ ಒಂದು ಕೆಲಸ ಮಾಡ್ರಿ. ತಿಪ್ಪೆಯ ಮೇಲ್ಭಾಗ ಅಲ್ಲ, ನಡುವಿಂದ ಎರಡು ಸಲಿಕೆ ತೆಗೆಸಿ ನೆಲದ ಮೇಲೆ ಹರಡಿ ನೋಡ್ರಿ. ಚೊಕ್ಕ ಇದ್ರೆ ಹೆಚ್ಚು ಕೊಡ್ರಿ, ಕೊಡ್ತೀವಿ ಅಂತ ಬಾಯಿಬಿಟ್ಟು ಹೇಳ್ರಿ. ಕಲಬೆರಕೆ ಇದ್ರೆ ಬೈಬೇಡ್ರಿ, ಮುಂದಿನ ವರ್ಷದ ದರ ಈಗಲೇ ಹೇಳಿ ಬರ್ರಿ. ವರ್ಷಪೂರ್ತಿ ಆ ಪುಟ್ಟಿ ಹೊರೋದು ಮನೆ ಹೆಣ್ಣುಮಕ್ಕಳು, ಹೆಚ್ಚಿನ ದುಡ್ಡನ್ನ ಅವರ ಕೈಗೇ ಕೊಟ್ರೆ ಇನ್ನೂ ಒಳ್ಳೇದು.

ನಿಮ್ಮೂರಲ್ಲಿ ಈಗ ಟ್ರ್ಯಾಲಿ ಎಷ್ಟು ನಡೀತಿದೆ, ಚೊಕ್ಕ ಗೊಬ್ಬರಕ್ಕೆ ಯಾರಾದ್ರೂ ಬೇರೆ ದರ ಕೊಡ್ತಿದ್ದಾರಾ, ತಿಳಿಸ್ರಿ. ಮುಂದಿನ ಸಲ ಕಬ್ಬಿನ ರವದಿ ಸುಡದೆ ಕೊಳೆಸೋದರ ಬಗ್ಗೆ ಬರೀತೀನಿ.